ಲ್ಯಾಂಡಿಂಗ್ ಹೊತ್ತಲ್ಲೇ ಯಾಕೆ ಜರ್ಕು? ಫ್ಲೈಟ್ ಸಿಮ್ ಸೆಟ್ಟಿಂಗ್ಸ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಫ್ಲೈಟ್ ಸಿಮ್ಯುಲೇಟರ್ ಬಗ್ಗೆನೇ ಜಾಸ್ತಿ ಇದ್ದಿದ್ರಿಂದ ಇಡೀ ಅಂಕಣ ಅದಕ್ಕೇ ಬಿಟ್ಟಿದೀನಿ. ಎಲ್ರದ್ದೂ ಹೆಚ್ಚುಕಮ್ಮಿ ಒಂದೇ ಗೋಳು, ಮೇಲೆ ಆಕಾಶದಲ್ಲಿರೋವರೆಗೂ ಚೆನ್ನಾಗಿರುತ್ತೆ, ರನ್‌ವೇ ಹತ್ರ ಬಂದ ಕೂಡ್ಲೇ ಚಿತ್ರ ತಡವರಿಸುತ್ತೆ. ಹೆಸರು ಬೇಡ ಅಂತ ಕೆಲವರು ಹೇಳಿರೋದ್ರಿಂದ ಎಲ್ಲರದ್ದೂ ಊರು ಮಾತ್ರ ಹಾಕಿದೀನಿ. ಹೊಸಬರಿಗೆ ಒಂದು ಮಾತು, ಫ್ರೇಮ್ ಅಂದ್ರೆ ಪರದೆ ಮೇಲೆ ಬರೋ ಒಂದೊಂದು ಚಿತ್ರ, ಎಫ್‌ಪಿಎಸ್ ಅಂದ್ರೆ ಸೆಕೆಂಡಿಗೆ ಅಂಥಾ ಎಷ್ಟು ಚಿತ್ರ ಬರುತ್ತೆ ಅನ್ನೋ ಲೆಕ್ಕ.

ಪ್ರಶ್ನೆ (ರಾಜಾಜಿನಗರ, ಬೆಂಗಳೂರು): ಸರ್, ನನ್ ಪಿಸಿ ರೈಜನ್ 5 5600, ಆರ್‌ಟಿಎಕ್ಸ್ 3060, 16 ಜಿಬಿ ರ‍್ಯಾಮ್, ಮಾನಿಟರ್ ಫುಲ್ ಎಚ್‌ಡಿ 60 ಹರ್ಟ್ಜ್. ಹಾರಿಸೋದು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020. ಸೆಸ್ನಾದಲ್ಲಿ ಹಳ್ಳಿ ಕಡೆ ಹೋದ್ರೆ 55-60 ಎಫ್‌ಪಿಎಸ್ ಬರುತ್ತೆ, ಅದೇ ಎ320 ತಗೊಂಡು ಕೆಂಪೇಗೌಡ ಏರ್‌ಪೋರ್ಟಲ್ಲಿ ಇಳಿಸೋಕೆ ಹೋದ್ರೆ 22-25ಕ್ಕೆ ಬೀಳುತ್ತೆ, ಜೊತೆಗೆ ಜರ್ಕು ಬೇರೆ. ಶ್ಯಾಡೋ, ರಿಫ್ಲೆಕ್ಷನ್ ಎಲ್ಲಾ ಕಮ್ಮಿ ಮಾಡ್ದೆ, ರೆಂಡರ್ ಸ್ಕೇಲಿಂಗ್ 100ರಿಂದ 80ಕ್ಕೆ ಇಳಿಸ್ದೆ, ಒಂದು ಫ್ರೇಮೂ ಜಾಸ್ತಿ ಆಗ್ಲಿಲ್ಲ. ಗ್ರಾಫಿಕ್ಸ್ ಕಾರ್ಡ್ ಬದಲಾಯಿಸ್ಲೇಬೇಕಾ?

ಉತ್ತರ: ಬೇಡ, ದುಡ್ಡು ಹಾಗೇ ಇಟ್ಕೊಳ್ಳಿ. ರೆಂಡರ್ ಸ್ಕೇಲಿಂಗ್ ಅನ್ನೋದು ಚಿತ್ರವನ್ನ ಉದ್ದ ಅಗಲದಲ್ಲಿ ಎಷ್ಟು ಪರ್ಸೆಂಟ್ ಗಾತ್ರಕ್ಕೆ ಬಿಡಿಸ್ಬೇಕು ಅನ್ನೋ ಸೆಟ್ಟಿಂಗ್. ರೆಂಡರ್ ಸ್ಕೇಲಿಂಗ್ 80ಕ್ಕೆ ಇಳಿಸಿದಾಗ ಗ್ರಾಫಿಕ್ಸ್ ಕಾರ್ಡಿಗೆ ಬಿಡಿಸೋಕೆ ಇರೋ ಪಿಕ್ಸೆಲ್‌ಗಳು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಮ್ಮಿ ಆಗುತ್ತೆ. ಅಷ್ಟು ಕೆಲಸ ಕಮ್ಮಿ ಆದ್ರೂ ಫ್ರೇಮ್ ಏರ್ಲಿಲ್ಲ ಅಂದ್ರೆ ಕಾರ್ಡು ಮೊದ್ಲೇ ಕೆಲಸ ಇಲ್ದೆ ಕಾಯ್ತಾ ಕೂತಿತ್ತು ಅಂತ ಅರ್ಥ. ನಿಮಗೆ ಗೊತ್ತಿಲ್ದೇನೇ ಸರಿಯಾದ ಪರೀಕ್ಷೆ ನೀವೇ ಮಾಡ್ಬಿಟ್ಟಿದೀರ.

ಒಂದೊಂದು ಫ್ರೇಮಿಗೂ ಎರಡು ಹಂತದ ಕೆಲಸ ಇರುತ್ತೆ. ವಿಮಾನ ಈಗ ಎಲ್ಲಿದೆ, ರೆಕ್ಕೆ ಮೇಲೆ ಗಾಳಿ ಹೆಂಗೆ ಹೋಗ್ತಿದೆ, ಏಪ್ರನ್ (ಏರ್‌ಪೋರ್ಟಲ್ಲಿ ವಿಮಾನ ನಿಲ್ಲಿಸೋ ಜಾಗ) ಮೇಲೆ ಎಷ್ಟು ವಿಮಾನ ನಿಂತಿದೆ, ಕಾಕ್‌ಪಿಟ್ ಸ್ಕ್ರೀನ್ ಮೇಲೆ ಯಾವ ಅಂಕಿ ಬರ್ಬೇಕು, ಇದೆಲ್ಲ ಲೆಕ್ಕ ಹಾಕಿ ಕೊಡೋದು ಸಿಪಿಯು, ಅದನ್ನ ತಗೊಂಡು ಚಿತ್ರ ಬಿಡಿಸೋದು ಗ್ರಾಫಿಕ್ಸ್ ಕಾರ್ಡು. ಸಿಪಿಯು ಕಡೆ ಕೆಲಸದಲ್ಲಿ ಬಹುಪಾಲು ಮೇನ್ ಥ್ರೆಡ್ ಅನ್ನೋ ಒಂದೇ ಸಾಲಲ್ಲಿ ನಡೆಯುತ್ತೆ, ಅದು ನಿಧಾನ ಆದ್ರೆ ಎಂಥಾ ಕಾರ್ಡ್ ಹಾಕಿದ್ರೂ ಕಾಯಲೇಬೇಕು. ಟಾಸ್ಕ್ ಮ್ಯಾನೇಜರ್ ನೋಡಿ "ಸಿಪಿಯು 35 ಪರ್ಸೆಂಟ್ ಅಷ್ಟೇ ಓಡ್ತಿದೆ, ಅದರಲ್ಲೇನೂ ತೊಂದ್ರೆ ಇಲ್ಲ" ಅಂತ ತುಂಬಾ ಜನ ಮೋಸ ಹೋಗೋದು ಇಲ್ಲೇ. ನಿಮ್ಮ 5600ರಲ್ಲಿ 12 ಥ್ರೆಡ್ ಇದೆ, ಅದರಲ್ಲಿ ಒಂದು ಪೂರ್ತಿ ಒದ್ದಾಡ್ತಿದ್ರೂ ಒಟ್ಟು ಲೆಕ್ಕದಲ್ಲಿ 8 ಪರ್ಸೆಂಟ್ ಚಿಲ್ಲರೆ ಅಷ್ಟೇ ಕಾಣೋದು.

ಖಚಿತ ಮಾಡ್ಕೊಳ್ಳೋಕೆ ಸಿಮ್ ಒಳಗೇ ದಾರಿ ಇದೆ. ಜನರಲ್ ಆಪ್ಷನ್ಸ್‌ನಲ್ಲಿ ಡೆವಲಪರ್ ಮೋಡ್ ಆನ್ ಮಾಡಿ, ಮೇಲೆ ಬರೋ ಮೆನುವಲ್ಲಿ ಎಫ್‌ಪಿಎಸ್ ಡಿಸ್ಪ್ಲೇ ಹಾಕ್ಕೊಳ್ಳಿ. ಒಂದು ಚಿಕ್ಕ ಚೌಕ ಬರುತ್ತೆ, ಅದರಲ್ಲಿ "ಲಿಮಿಟೆಡ್ ಬೈ ಮೇನ್‌ಥ್ರೆಡ್" ಅಂತಲೋ "ಲಿಮಿಟೆಡ್ ಬೈ ಜಿಪಿಯು" ಅಂತಲೋ ಬರ್ದಿರುತ್ತೆ, ಜಿಪಿಯು ಅಂದ್ರೆ ಗ್ರಾಫಿಕ್ಸ್ ಕಾರ್ಡಿನ ಚಿಪ್ಪು. ಫೈನಲ್ ಅಪ್ರೋಚಲ್ಲಿ, ಅಂದ್ರೆ ಇಳಿಯೋಕೆ ರನ್‌ವೇ ಕಡೆ ನೇರ ಬರೋವಾಗ, ಅದನ್ನ ನೋಡಿ, ನಿಮ್ಮದು ಮೇನ್‌ಥ್ರೆಡ್ ಅಂತಾನೇ ತೋರಿಸುತ್ತೆ.

ಹಂಗಿದ್ಮೇಲೆ ಸಿಪಿಯುಗೆ ಭಾರ ಆಗೋದನ್ನ ಮಾತ್ರ ಇಳಿಸ್ಬೇಕು. ಮೊದಲನೇದು ಟೆರೇನ್ ಲೆವೆಲ್ ಆಫ್ ಡೀಟೇಲ್. ಈ ಸ್ಲೈಡರ್ ಎಷ್ಟು ದೂರದವರೆಗೂ ನೆಲ, ಕಟ್ಟಡ ಎಲ್ಲಾ ವಿವರವಾಗಿ ಇರ್ಬೇಕು ಅಂತ ಹೇಳುತ್ತೆ. ದೂರ ಎರಡು ಪಟ್ಟು ಮಾಡಿದ್ರೆ ಸುತ್ತಲಿನ ಜಾಗ ನಾಲ್ಕು ಪಟ್ಟಾಗುತ್ತೆ ಅನ್ನೋದನ್ನ ನೆನಪಿಟ್ಕೊಂಡ್ರೆ ಈ ಒಂದು ಸ್ಲೈಡರ್ ಯಾಕಿಷ್ಟು ತಿನ್ನುತ್ತೆ ಅಂತ ಗೊತ್ತಾಗುತ್ತೆ. ನಿಮ್ದು 200ರಲ್ಲಿದ್ರೆ 100ಕ್ಕೆ ತನ್ನಿ, ದೊಡ್ಡ ಏರ್‌ಪೋರ್ಟಿಗೆ ಹೋಗೋ ದಿನ 70-80 ಮಾಡಿದ್ರೂ ಪರವಾಗಿಲ್ಲ. ನಂದಿ ಬೆಟ್ಟದ ಕಡೆ ದೂರದ ಕಟ್ಟಡಗಳು ಸ್ವಲ್ಪ ತಡವಾಗಿ ಕಾಣಿಸ್ಕೊಳ್ತವೆ, ಇಳಿಸೋ ಹೊತ್ತಲ್ಲಿ ನೀವು ಅತ್ತ ನೋಡೋದೂ ಇಲ್ಲ. ಆಬ್ಜೆಕ್ಟ್ ಲೆವೆಲ್ ಆಫ್ ಡೀಟೇಲ್ ಕೂಡ ಹಂಗೇ 100. ಆಮೇಲೆ ಟ್ರಾಫಿಕ್ ಪುಟಕ್ಕೆ ಹೋಗಿ ಎಐ ವಿಮಾನಗಳು, ನಿಂತಿರೋ ವಿಮಾನಗಳು, ಏರ್‌ಪೋರ್ಟ್ ವಾಹನಗಳು, ಕೆಲಸಗಾರರು, ರಸ್ತೆ ಮೇಲಿನ ಕಾರು ಎಲ್ಲಾ ಅರ್ಧಕ್ಕಿಂತ ಕೆಳಗೆ ತನ್ನಿ.

ಸೆಸ್ನಾದಲ್ಲಿ ಇಲ್ಲದ ತೊಂದರೆ ಎ320ರಲ್ಲಿ ಯಾಕೆ ಅಂತ ಕೇಳಿದ್ರೆ, ಎ320ರ ಮುಂದೆ ದೊಡ್ಡ ಸ್ಕ್ರೀನ್‌ಗಳೇ ಆರು ಇವೆ, ಕ್ಯಾಪ್ಟನ್ನಿಗೆ ಎರಡು, ಫಸ್ಟ್ ಆಫೀಸರಿಗೆ ಎರಡು, ಮಧ್ಯ ಇಂಜಿನ್ ಸಿಸ್ಟಮ್ ತೋರಿಸೋದು ಎರಡು. ಆರೂ ಮತ್ತೆ ಮತ್ತೆ ಬರೀತಾ ಇರ್ಬೇಕು. ಗ್ಲಾಸ್ ಕಾಕ್‌ಪಿಟ್ ರಿಫ್ರೆಶ್ ರೇಟ್ ಅಂತ ಇದೆಯಲ್ಲ, ಅದನ್ನ ಹೈನಿಂದ ಮೀಡಿಯಮ್ಮಿಗೆ ಇಳಿಸಿ. ಲೋ ಮಾಡಿದ್ರೆ ಇನ್ನೂ ಫ್ರೇಮ್ ಸಿಗುತ್ತೆ ಆದ್ರೆ ಹಾರಿಜಾನ್ ಗೆರೆ ಹಾರಿ ಹಾರಿ ಚಲಿಸುತ್ತೆ, ಕೈಯಲ್ಲಿ ಹಾರಿಸೋವಾಗ ಅದು ಕಿರಿಕಿರಿ, ನಾನಂತೂ ಮೀಡಿಯಮ್ಮೇ ಸಾಕು ಅಂತೀನಿ.

ಇದೆಲ್ಲಾ ಇಳಿಸಿದ್ಮೇಲೆ ನೀವು ಸುಮ್ನೆ ಕಮ್ಮಿ ಮಾಡಿದ್ದನ್ನ ವಾಪಸ್ ಏರಿಸಿ. ಮೋಡ ಹೈ, ಟೆಕ್ಸ್ಚರ್ (ಮೇಲ್ಮೈಗಳಿಗೆ ಅಂಟಿಸೋ ಚಿತ್ರ) ಹೈ, ರೆಂಡರ್ ಸ್ಕೇಲಿಂಗ್ 100. ಅದೆಲ್ಲಾ ಕಾರ್ಡಿನ ಕೆಲಸ, ನಿಮ್ಮ ಕಾರ್ಡಿಗೆ ಬಿಡುವಿದೆ. ಎಫ್‌ಪಿಎಸ್ ಬೇಕು ಅಂತ ಎಲ್ಲಾ ಸ್ಲೈಡರನ್ನೂ ಎಡಕ್ಕೆ ಎಳೆದು ಚಂದಾನೂ ಇಲ್ಲ ವೇಗಾನೂ ಇಲ್ಲ ಅನ್ನೋ ಹಂಗೆ ಮಾಡ್ಕೊಂಡಿರೋರ ಪತ್ರ ಓದಿದ್ರೆ ಬೇಜಾರಾಗುತ್ತೆ, ಅಷ್ಟು ಒಳ್ಳೇ ಮೋಡಗಳನ್ನ ಯಾಕ್ರೀ ಕಳ್ಕೋಬೇಕು.

ಕೊನೇದು, ಮತ್ತು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ್ದು: ವಿ-ಸಿಂಕ್ (ಮಾನಿಟರಿನ ತಾಳಕ್ಕೆ ಫ್ರೇಮ್ ಹೊಂದಿಸೋ ಆಯ್ಕೆ) ಹಾಕಿ ಫ್ರೇಮ್ ರೇಟನ್ನ 30ಕ್ಕೆ ಕಟ್ಟಿಹಾಕಿ. ಇದೆಲ್ಲಾ ಮಾಡಿದ್ಮೇಲೆ 45 ಬಂತು ಅಂತಿಟ್ಕೊಳ್ಳಿ, ಅದನ್ನ 30 ಮಾಡೋದಾ ಅಂತ ಅನ್ಸುತ್ತೆ, ಆದ್ರೆ ಲೆಕ್ಕ ನೋಡಿ. ನಿಮ್ಮ ಮಾನಿಟರ್ ಸೆಕೆಂಡಿಗೆ 60 ಸಲ ಚಿತ್ರ ತೋರಿಸುತ್ತೆ. ಸಿಮ್ 45 ಫ್ರೇಮ್ ಕೊಟ್ರೆ ಪ್ರತಿ ಮೂರು ಫ್ರೇಮಲ್ಲಿ ಎರಡು ಒಂದೊಂದು ಸಲ, ಮೂರನೇದು ಎರಡು ಸಲ ಬರ್ಬೇಕಾಗುತ್ತೆ, ಆ ಏರುಪೇರೇ ಕಣ್ಣಿಗೆ ಜರ್ಕು ಅಂತ ಬಡಿಯೋದು. 30 ಕೊಟ್ರೆ ಪ್ರತಿಯೊಂದು ಫ್ರೇಮೂ ಸರಿಯಾಗಿ ಎರಡು ಸಲ, 33 ಮಿಲಿಸೆಕೆಂಡಿಗೊಂದು, ಒಂದೇ ಸಮ. ಫ್ಲೈಟ್ ಸಿಮ್ಮಲ್ಲಿ ಗುಂಡು ಹಾರಿಸೋ ಗೇಮ್ ತರ ಸರಕ್ಕಂತ ತಿರುಗೋದು ಇರಲ್ಲ, ಒಂದೇ ಸಮ ಬರೋ 30 ಸಾಕಷ್ಟು ನುಣುಪಾಗಿ ಕಾಣುತ್ತೆ.

ಸೆಟ್ಟಿಂಗ್ ಬದಲಾಯಿಸಿ ಪರೀಕ್ಷೆ ಮಾಡೋವಾಗ ಲೈವ್ ವೆದರ್ ಬೇಡ, ಇವತ್ತಿನ ಮೋಡ ನಾಳೆ ಇರಲ್ಲ. ಅದೇ ವಿಮಾನ, ಅದೇ ರನ್‌ವೇ, ಅದೇ ಹೊತ್ತು, ಪ್ರೀಸೆಟ್ ಹವಾಮಾನ ಇಟ್ಕೊಂಡು ಒಂದು ಸಲಕ್ಕೆ ಒಂದೇ ಸ್ಲೈಡರ್ ಮುಟ್ಟಿ. ಮುಂದೆ ಯಾವತ್ತಾದ್ರೂ ಖರ್ಚು ಮಾಡೋ ಮನಸ್ಸಾದ್ರೆ ನಿಮ್ಮ ಬೋರ್ಡಿಗೇ ಕೂರೋ ರೈಜನ್ 7 5700ಎಕ್ಸ್3ಡಿ ಅಥವಾ 5800ಎಕ್ಸ್3ಡಿ ಸಿಪಿಯು ಎಲ್ಲಾದ್ರೂ ಸಿಗುತ್ತಾ ಹುಡುಕಿ, ಹಾಕೋ ಮುಂಚೆ ಬಯಾಸ್ (ಮದರ್‌ಬೋರ್ಡಿನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ. ಈಗಿನದ್ರಲ್ಲಿ ಎಲ್3 ಕ್ಯಾಶ್ (ಸಿಪಿಯು ಒಳಗೇ ಇರೋ ವೇಗದ ಮೆಮೊರಿ) 32 ಎಂಬಿ, ಅವುಗಳಲ್ಲಿ 96 ಎಂಬಿ. ಮೇನ್ ಥ್ರೆಡ್ಡಿಗೆ ಬೇಕಾದ ಡೇಟಾ ರ‍್ಯಾಮಿಂದ ಬರೋವರೆಗೂ ಕಾಯೋದು ತಪ್ಪುತ್ತೆ, ಫ್ಲೈಟ್ ಸಿಮ್ಮಿಗೆ ಅದರಷ್ಟು ಉಪಯೋಗ ಬೇರೆ ಅಪ್‌ಗ್ರೇಡಲ್ಲಿ ಕಮ್ಮಿ.

ಪ್ರಶ್ನೆ (ಕಲಬುರಗಿ): ಸರ್ ನಮಸ್ಕಾರ್ರಿ. ಮಗಗ ಲ್ಯಾಪ್‌ಟಾಪ್ ಕೊಡಿಸೀನ್ರಿ, ಐ5, ಜಿಟಿಎಕ್ಸ್ 1650 4 ಜಿಬಿ, ರ‍್ಯಾಮ್ 8 ಜಿಬಿ. 2020ರ ಸಿಮ್ಯುಲೇಟರ್ ಚಾಲೂ ಮಾಡಿದ ಮ್ಯಾಲ ಕಾಲು ತಾಸು ಛಲೋ ನಡೀತದ, ಆಮ್ಯಾಲ ಒಂದೊಂದೇ ಫೋಟೋ ತೋರ್ಸಿದಂಗ ಆಗ್ತದ. ಬಂದ್ ಮಾಡಿ ತಾಸು ಬಿಟ್ಟು ಹಚ್ಚಿದ್ರ ಮತ್ತ ಛಲೋ. ವೈರಸ್ ಏನರ ಬಂದದೇನ್ರಿ?

ಉತ್ತರ: ವೈರಸ್ ಅಲ್ಲ, ಬಿಸಿ. "ತಾಸು ಬಿಟ್ಟು ಹಚ್ಚಿದ್ರ ಮತ್ತ ಛಲೋ" ಅಂತ ಬರ್ದಿದೀರಲ್ಲ, ಅದರಲ್ಲೇ ಗೊತ್ತಾಗುತ್ತೆ. ಲ್ಯಾಪ್‌ಟಾಪ್ ಚಿಪ್ ಸುಮಾರು 95-100 ಡಿಗ್ರಿ ಮುಟ್ಟಿದ್ರೆ ತನ್ನನ್ನ ತಾನು ಕಾಪಾಡ್ಕೊಳ್ಳೋಕೆ ವೇಗ ಇಳಿಸ್ಬಿಡುತ್ತೆ. ಒಳಗಿನ ಫ್ಯಾನ್ ಎಳ್ಕೊಳ್ಳೋದು ರೂಮಿನ ಗಾಳೀನೇ, ಏಪ್ರಿಲ್-ಮೇನಲ್ಲಿ ನಿಮ್ಮೂರಲ್ಲಿ 40 ದಾಟಿರುತ್ತೆ, 25 ಡಿಗ್ರಿ ಇರೋ ಕಡೆ ಕೂತು ಆಡೋರಿಗೂ ನಿಮ್ಮ ಮಗನಿಗೂ ಶುರುವಿನಲ್ಲೇ 15 ಡಿಗ್ರಿ ವ್ಯತ್ಯಾಸ.

ಹಾಸಿಗೆ, ದಿಂಬಿನ ಮೇಲೆ ಇಟ್ಟು ಆಡೋದು ಬೇಡ, ಮೇಜಿನ ಮೇಲೆ ಹಿಂಭಾಗ ಒಂದೆರಡು ಇಂಚು ಎತ್ತಿ ಇಡಲಿ, ಗಾಳಿ ಒಳಗೆ ಹೋಗೋ ತೂತು ಕೆಳಗೇ ಇರೋದು. ವಾರಂಟಿ ನೋಡ್ಕೊಂಡು ಒಮ್ಮೆ ಒಳಗಿನ ಧೂಳು ತೆಗೆಸಿ, ಬ್ಲೋವರ್ ಹೊಡೆಯೋವಾಗ ಫ್ಯಾನ್ ರೆಕ್ಕೆ ತಿರುಗದ ಹಂಗೆ ಹಿಡಿದಿರಬೇಕು. ಚಾರ್ಜರ್ ಹಾಕಿಕೊಂಡೇ ಆಡಲಿ, ಬ್ಯಾಟರಿ ಮೇಲೆ ಗ್ರಾಫಿಕ್ಸ್ ಚಿಪ್ಪಿಗೆ ಪೂರ್ತಿ ಪವರ್ ಸಿಗಲ್ಲ. ಆಮೇಲೆ ಸಿಮ್ಮಲ್ಲಿ ಫ್ರೇಮ್ ಲಿಮಿಟ್ 30 ಹಾಕಿಸಿ. ಲಿಮಿಟ್ ಇಲ್ಲದಿದ್ರೆ ಮೆನು ತೋರಿಸೋವಾಗ್ಲೂ ಚಿಪ್ಪು ಸುಮ್ನೆ ಪೂರ್ತಿ ವೇಗದಲ್ಲಿ ಓಡ್ತಾ ಬಿಸಿ ಆಗ್ತಿರುತ್ತೆ.

ಇನ್ನೊಂದು ವಿಷಯ ರ‍್ಯಾಮ್. 8 ಜಿಬಿ ಅನ್ನೋದು 2020ರ ಸಿಮ್ಮಿಗೆ ತೀರಾ ಕನಿಷ್ಠ, ಅದರ ಮುಂದಿನ ಆವೃತ್ತಿಯಾದ 2024ರ ಸಿಮ್ಮಿಗೆ ಕನಿಷ್ಠವೇ 16, ಹಾಗಾಗಿ ಹೊಸದಕ್ಕೆ ಸದ್ಯ ಹೋಗ್ಬೇಡಿ. ಈ ದರದ ಲ್ಯಾಪ್‌ಟಾಪಲ್ಲಿ ಎಷ್ಟೋ ಸಲ ಒಂದೇ ಒಂದು 8 ಜಿಬಿ ಸ್ಟಿಕ್ ಹಾಕಿ ಪಕ್ಕದ ಸ್ಲಾಟ್ ಖಾಲಿ ಬಿಟ್ಟಿರ್ತಾರೆ. ಅಲ್ಲಿಗೆ ಅದೇ ವೇಗದ ಇನ್ನೊಂದು 8 ಜಿಬಿ ಹಾಕಿಸಿದ್ರೆ ಜಾಗಾನೂ ಎರಡು ಪಟ್ಟು, ಡೇಟಾ ಓಡಾಡೋ ದಾರಿನೂ ಎರಡು ಪಟ್ಟು. ವಿಡಿಯೋ ಮೆಮೊರಿ 4 ಜಿಬಿ ಅಷ್ಟೇ ಇರೋದ್ರಿಂದ ಟೆಕ್ಸ್ಚರ್ ಮೀಡಿಯಮ್ ಮೇಲೆ ಹೋಗ್ಬೇಡಿ, ತುಂಬಿದ್ರೆ ಉಳಿದಿದ್ದು ಮಾಮೂಲಿ ರ‍್ಯಾಮಿಗೆ ಹೋಗಿ ಬಂದು ಮಾಡುತ್ತೆ, ಅದೂ ಜರ್ಕೇ.

ಪ್ರಶ್ನೆ (ಮಂಗಳೂರು): ಎಕ್ಸ್-ಪ್ಲೇನ್ 12 ಹಾಕಿಕೊಂಡಿದ್ದೇನೆ, ಕಾರ್ಡ್ ಆರ್‌ಎಕ್ಸ್ 6600 8 ಜಿಬಿ. ನಮ್ಮ ಬಜ್ಪೆಯಲ್ಲಿ ಇಳಿಸುವುದು ಎಂದರೆ ನನಗೆ ಬಹಳ ಇಷ್ಟ, ಅದಕ್ಕೆ ಊರಿನ ಸುತ್ತ ಸ್ಯಾಟಲೈಟ್ ಫೋಟೋದ ಸೀನರಿಯೂ ಮಾಡಿ ಹಾಕಿದ್ದೇನೆ. ಆದರೆ ಇಳಿಯುವಾಗ ಇಡೀ ವಿಮಾನವೇ ನಿಧಾನ ಆಗ್ತದೆ ಮಾರಾಯ್ರೆ, ಹತ್ತು ಸೆಕೆಂಡಿನ ದಾರಿಗೆ ಹದಿನೈದು ಸೆಕೆಂಡ್ ಬೇಕು. ನೆಲದ ಫೋಟೋ ಕೂಡ ಮಸುಕು. ಇದು ಬಗ್ ಅಲ್ವಾ?

ಉತ್ತರ: ಬಗ್ ಅಲ್ಲ, ಬೇಕಂತಲೇ ಮಾಡಿರೋದು. ಎಕ್ಸ್-ಪ್ಲೇನ್ ರೆಕ್ಕೆ, ಪ್ರೊಪೆಲ್ಲರ್ ಎಲ್ಲಾ ಚಿಕ್ಕ ಚಿಕ್ಕ ತುಂಡು ಮಾಡಿ ಒಂದೊಂದರ ಮೇಲೂ ಬೀಳೋ ಬಲ ಲೆಕ್ಕ ಹಾಕುತ್ತೆ, ಆ ಲೆಕ್ಕ ಫ್ರೇಮ್ ಜೊತೆಗೇ ನಡೆಯೋದು. ಫ್ರೇಮುಗಳ ನಡುವಿನ ಸಮಯ ತೀರಾ ಜಾಸ್ತಿ ಆದ್ರೆ ಲೆಕ್ಕ ದಿಕ್ಕು ತಪ್ಪಿ ವಿಮಾನ ನಡುಗೋಕೆ ಶುರು ಮಾಡುತ್ತೆ. ಅದಕ್ಕೆ ಸುಮಾರು 20 ಎಫ್‌ಪಿಎಸ್ ಕೆಳಗೆ ಹೋದ್ರೆ ಸಿಮ್ ಸಮಯವನ್ನೇ ನಿಧಾನ ಮಾಡುತ್ತೆ. ಅಂದ್ರೆ ನೀವು ಅಪ್ರೋಚಲ್ಲಿ 20ಕ್ಕಿಂತ ಕೆಳಗಿದೀರ ಅಂತ ಅದೇ ಹೇಳ್ತಾ ಇದೆ.

ಡೇಟಾ ಔಟ್‌ಪುಟ್ ಪುಟದಲ್ಲಿ ಫ್ರೇಮ್ ರೇಟ್ ಸಾಲು ಟಿಕ್ ಮಾಡಿ ಕಾಕ್‌ಪಿಟ್ ಮೇಲೆ ತೋರಿಸೋ ಹಂಗೆ ಮಾಡಿ, ಸಿಪಿಯು ಟೈಮ್, ಜಿಪಿಯು ಟೈಮ್ ಬೇರೆ ಬೇರೆ ಬರುತ್ತೆ, ದೊಡ್ಡದು ಯಾವುದೋ ಅದೇ ಕಾರಣ. ಸಿಪಿಯು ದೊಡ್ಡದಿದ್ರೆ ವರ್ಲ್ಡ್ ಆಬ್ಜೆಕ್ಟ್ಸ್ ಒಂದು ಹಂತ ಇಳಿಸಿ, ಸೀನರಿ ಮೇಲಿನ ನೆರಳು ಆಫ್ ಮಾಡಿ, ಎಐ ವಿಮಾನ ತೆಗೀರಿ. ಜಿಪಿಯು ದೊಡ್ಡದಿದ್ರೆ ಆಂಟಿ ಅಲಿಯಾಸಿಂಗ್ (ಗರಗಸದಂಥಾ ಅಂಚುಗಳನ್ನ ನುಣುಪು ಮಾಡೋದು) ಮತ್ತು ಮೋಡದ ಕ್ವಾಲಿಟಿ, ಈ ಎರಡನ್ನೇ ಇಳಿಸಿದ್ರೆ ಸಾಕು.

ಮಸುಕಾಗೋದು ನೀವು ಮಾಡಿದ ಫೋಟೋ ಸೀನರಿಯಿಂದ. ವಿಡಿಯೋ ಮೆಮೊರಿ ಸಾಲದಿದ್ರೆ ಎಕ್ಸ್-ಪ್ಲೇನ್ ತಾನೇ ಟೆಕ್ಸ್ಚರನ್ನ ಸಣ್ಣ ಮಾಡ್ಕೊಳ್ಳುತ್ತೆ. ಫೋಟೋ ಇಳಿಸಿಕೊಳ್ಳೋವಾಗ ಝೂಮ್ ಲೆವೆಲ್ ಒಂದು ಏರಿಸಿದ್ರೆ ಫೋಟೋಗಳ ಗಾತ್ರ ನಾಲ್ಕು ಪಟ್ಟು, 16ರಿಂದ 18ಕ್ಕೆ ಹೋದ್ರೆ ಹದಿನಾರು ಪಟ್ಟು. ಕಡಲಿಂದ ಘಟ್ಟದವರೆಗೂ ಎಲ್ಲಾ 18 ಮಾಡಿದ್ರೆ 8 ಜಿಬಿ ಯಾವ ಮೂಲೆಗೆ? ಊರೆಲ್ಲಾ 16, ಏರ್‌ಪೋರ್ಟ್ ಸುತ್ತ ಕೆಲವು ಕಿಲೋಮೀಟರ್ ಮಾತ್ರ 17 ಇಟ್ಟು ಮತ್ತೆ ಮಾಡಿ. ಬಜ್ಪೆದು ಗುಡ್ಡದ ತಲೆ ಮೇಲಿರೋ ಟೇಬಲ್‌ಟಾಪ್ ರನ್‌ವೇ, ಗುಡ್ಡದ ಅಂಚು ದಾಟಿದ ಕೂಡ್ಲೇ ರೇಡಿಯೋ ಆಲ್ಟಿಮೀಟರಲ್ಲಿ (ಕೆಳಗಿನ ನೆಲದಿಂದ ಎಷ್ಟು ಮೇಲಿದೀರ ಅಂತ ಅಳೆಯೋದು) ಎತ್ತರ ದಿಢೀರಂತ ಇಳಿಯುತ್ತೆ, ಅಲ್ಲಿ ಇಳಿಸೋದರ ಸ್ವಾರಸ್ಯ ಇರೋದೇ ಆ ನೆಲದ ಏರಿಳಿತದಲ್ಲಿ. ಸೀನರಿ ಮಾಡೋವಾಗ ಫೋಟೋಗಿಂತ ಆ ಎತ್ತರದ ಮೆಶ್ (ನೆಲದ ಆಕಾರ ಹೇಳೋ ಜಾಲ) ಕಡೆ ಗಮನ ಕೊಡಿ.

ಪ್ರಶ್ನೆ (ಮೈಸೂರು): ನಮಸ್ತೆ ಸರ್. ಮಗಳು ಫ್ಲೈಯಿಂಗ್ ಟ್ರೈನಿಂಗ್ ಸೇರ್ಬೇಕು ಅಂತಿದಾಳೆ, ಅದಕ್ಕೆ ಮುಂಚೆ ಮನೇಲಿ ಸಿಮ್ಯುಲೇಟರಲ್ಲಿ ಅಭ್ಯಾಸ ಮಾಡ್ತಿದಾಳೆ. ಅವಳ ಪಿಸಿಯಲ್ಲಿ 30-35 ಎಫ್‌ಪಿಎಸ್ ಬರುತ್ತೆ, ಆಗಾಗ ಒಂದು ಕ್ಷಣ ನಿಂತು ಹೋಗುತ್ತೆ. ಕಲಿಯೋಕೆ ಇಷ್ಟು ಸಾಕಾ, ಹೊಸ ಗ್ರಾಫಿಕ್ಸ್ ಕಾರ್ಡ್ ಕೊಡಿಸಿದ್ರೆ ಉಪಯೋಗ ಆಗುತ್ತಾ? ಮನೇಲಿ ಹಾರಿಸಿದ ಗಂಟೆ ಲೆಕ್ಕಕ್ಕೆ ಬರುತ್ತಾ?

ಉತ್ತರ: ಮೇಡಂ, ಕೊನೇ ಪ್ರಶ್ನೆಗೆ ಮೊದ್ಲು ಹೇಳ್ಬಿಡ್ತೀನಿ, ಮನೆ ಪಿಸಿಯ ಗಂಟೆಗಳು ಲಾಗ್‌ಬುಕ್ಕಿಗೆ ಬರಲ್ಲ. ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ 200 ಗಂಟೆ ಹಾರಾಟದಲ್ಲಿ ಡಿಜಿಸಿಎ (ವಿಮಾನಯಾನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ಒಪ್ಪಿಗೆ ಇರೋ ತರಬೇತಿ ಸಿಮ್ಯುಲೇಟರಿನ ಸಮಯಕ್ಕಷ್ಟೇ ಸ್ವಲ್ಪ ಜಾಗ ಇದೆ. ಹಂಗಂತ ಮನೆ ಅಭ್ಯಾಸ ವ್ಯರ್ಥ ಅಲ್ಲ, ಚೆಕ್‌ಲಿಸ್ಟ್ ಬಾಯಿಗೆ ಬರುತ್ತೆ, ಯಾವ ಗೇಜ್ ಎಲ್ಲಿದೆ ಅಂತ ಕಣ್ಣಿಗೆ ರೂಢಿ ಆಗುತ್ತೆ, ರೇಡಿಯೋ ಮಾತು ಕಿವಿಗೆ ಬೀಳುತ್ತೆ. ಹಾರಾಟದ ಒಂದೊಂದು ಗಂಟೆಗೂ ಸಾವಿರಾರು ರೂಪಾಯಿ ಕಟ್ಟೋ ಜಾಗದಲ್ಲಿ ಇದೆಲ್ಲಾ ಮೊದ್ಲೇ ಬಂದಿದ್ರೆ ದೊಡ್ಡ ಸಹಾಯ.

30 ಎಫ್‌ಪಿಎಸ್ ಸಾಕು. ಸಾಲದ್ದು ಯಾವುದು ಅಂದ್ರೆ ಆ "ಒಂದು ಕ್ಷಣ ನಿಂತು ಹೋಗೋದು". ಸೆಸ್ನಾ 172 ಇಳಿಯೋವಾಗ ಸುಮಾರು 65 ನಾಟ್ ವೇಗ, ನಿಮಿಷಕ್ಕೆ 500 ಅಡಿ ಇಳೀತಿದೆ ಅಂತಿಟ್ಕೊಳ್ಳಿ, ಸೆಕೆಂಡಿಗೆ 8 ಅಡಿ ಆಯ್ತು. ನೆಲದಿಂದ 10-20 ಅಡಿ ಇದ್ದಾಗ ಮೂತಿ ಎತ್ತೋಕೆ ಶುರು ಮಾಡ್ಬೇಕು, ಅದನ್ನೇ ಫ್ಲೇರ್ ಅನ್ನೋದು. ಅಲ್ಲಿ ಚಿತ್ರ ಅರ್ಧ ಸೆಕೆಂಡ್ ನಿಂತ್ರೆ 4 ಅಡಿ ಅವಳ ಕಣ್ಣಿಗೇ ಬೀಳದೆ ಹೋಯ್ತು. ಮತ್ತೆ ಮತ್ತೆ ಹಿಂಗಾದ್ರೆ ಅವಳು ನೋಡಿ ಇಳಿಸೋದು ಬಿಟ್ಟು ಅಂದಾಜಲ್ಲಿ ಎಳೆಯೋದು ಕಲೀತಾಳೆ, ಆಮೇಲೆ ಇನ್‌ಸ್ಟ್ರಕ್ಟರ್ ಆ ಅಭ್ಯಾಸ ಬಿಡಿಸೋಕೆ ಕಷ್ಟ ಪಡ್ಬೇಕು. ಅದಕ್ಕೇ ಕಲಿಯೋರಿಗೆ ನಾನು ಹೇಳೋದು, ಚಂದ ಆಮೇಲೆ, ಮೊದ್ಲು ಒಂದೇ ಸಮ ಓಡೋದು.

ಏನು ಇಳಿಸ್ಬೇಕು ಅಂದ್ರೆ ಮೋಡ ಮೀಡಿಯಮ್, ಹುಲ್ಲು-ಪೊದೆ ಲೋ, ರಿಫ್ಲೆಕ್ಷನ್ ಲೋ, ಟ್ರಾಫಿಕ್ ಪೂರ್ತಿ ಆಫ್, ಫ್ರೇಮ್ 30ಕ್ಕೆ ಲಾಕ್. ಏನು ಇಳಿಸ್ಬಾರ್ದು ಅಂದ್ರೆ ಟೆಕ್ಸ್ಚರ್, ಯಾಕಂದ್ರೆ ಗೇಜ್ ಮೇಲಿನ ಅಂಕಿ ಓದೋಕಾಗ್ಬೇಕು, ಮತ್ತು ಟೆರೇನ್ ಲೆವೆಲ್ ಆಫ್ ಡೀಟೇಲ್ 100ಕ್ಕಿಂತ ತುಂಬಾ ಕೆಳಗೆ ಬೇಡ. ಆರಂಭದ ಟ್ರೈನಿಂಗಲ್ಲಿ ನೆಲದ ಗುರುತು ನೋಡ್ಕೊಂಡು ದಾರಿ ಹಿಡಿಯೋದೇ ಮುಖ್ಯ ಪಾಠ. ಮಂಡಕಳ್ಳಿ ಏರ್‌ಪೋರ್ಟಿಂದ ಎದ್ದು ಚಾಮುಂಡಿ ಬೆಟ್ಟ ಯಾವ ಕಡೆ ಇದೆ, ಕೆಆರ್‌ಎಸ್ ನೀರು ಎಲ್ಲಿ ಕಾಣ್ತಿದೆ, ರೈಲ್ವೆ ಲೈನ್ ಎಲ್ಲಿ ದಾಟ್ತು ಅಂತ ಹೇಳ್ತಾ ಹೇಳ್ತಾ ಒಂದು ಸುತ್ತು ಹಾಕಿ ವಾಪಸ್ ಬರೋಕೆ ಹೇಳಿ, ಜಿಪಿಎಸ್ ನೋಡದೆ. ದೂರದ ವಿವರ ತೀರಾ ಕಮ್ಮಿ ಆದ್ರೆ ಈ ಅಭ್ಯಾಸ ಆಗಲ್ಲ.

ಹೊಸ ಕಾರ್ಡ್ ತಗೊಳೋರು ಫ್ರೇಮ್ ಜನರೇಷನ್ ನೋಡಿ ಮರುಳಾಗ್ತಾರೆ, 30 ಇದ್ದದ್ದು 60 ಅಂತ ತೋರಿಸುತ್ತೆ. ಆದ್ರೆ ಮಧ್ಯ ಸೇರೋ ಫ್ರೇಮನ್ನ ಕಾರ್ಡು ಅಕ್ಕಪಕ್ಕದ ಎರಡು ಚಿತ್ರ ನೋಡಿ ಊಹೆ ಮಾಡಿ ಬಿಡಿಸಿರುತ್ತೆ, ಅವಳು ಯೋಕ್ (ವಿಮಾನದ ಸ್ಟೇರಿಂಗ್) ಎಳೆದಿದ್ದು ಅದರಲ್ಲಿ ಇರಲ್ಲ, ಮೇಲಿಂದ ಸ್ವಲ್ಪ ತಡಾನೂ ಸೇರುತ್ತೆ. ಕ್ರೂಸಲ್ಲಿ ಕಿಟಕಿಯಾಚೆ ನೋಡ್ತಾ ಕೂರೋರಿಗೆ ಅದು ಚೆನ್ನಾಗಿದೆ, ಫ್ಲೇರ್ ಕಲಿಯೋರಿಗೆ ಬೇಡ. ಆ ದುಡ್ಡಲ್ಲಿ ರಡರ್ ಪೆಡಲ್ ಕೊಡಿಸಿ ಮೇಡಂ. ಕಾಲಿಂದ ಮೂತಿ ನೇರ ಇಡೋದು ಕೀಬೋರ್ಡಲ್ಲಿ ಯಾವತ್ತೂ ಬರಲ್ಲ.

ಪ್ರಶ್ನೆ (ಶಿವಮೊಗ್ಗ): ಡಿಎಲ್‌ಎಸ್‌ಎಸ್ ಆನ್ ಮಾಡಿದ್ರೆ ಎಫ್‌ಪಿಎಸ್ ಚೆನ್ನಾಗಿ ಬರುತ್ತೆ ಆದ್ರೆ ಕಾಕ್‌ಪಿಟ್ ಸ್ಕ್ರೀನಲ್ಲಿ ಓಡೋ ಅಂಕಿಗಳು ಬಾಲ ಎಳ್ಕೊಂಡು ಹೋದಂಗೆ ಕಾಣುತ್ತೆ. ಫುಲ್ ಎಚ್‌ಡಿ ಮಾನಿಟರ್, ಪರ್ಫಾರ್ಮೆನ್ಸ್ ಮೋಡ್.

ಉತ್ತರ: ಡಿಎಲ್‌ಎಸ್‌ಎಸ್ ಮಾಡೋದು ಚಿಕ್ಕ ಚಿತ್ರ ಬಿಡಿಸಿ ಅದನ್ನ ದೊಡ್ಡದು ಮಾಡೋ ಕೆಲಸ. ಫುಲ್ ಎಚ್‌ಡಿಯಲ್ಲಿ ಪರ್ಫಾರ್ಮೆನ್ಸ್ ಮೋಡ್ ಅಂದ್ರೆ ಒಳಗೆ ಬಿಡಿಸ್ತಿರೋದು 960 ಬೈ 540 ಪಿಕ್ಸೆಲ್ ಅಷ್ಟೇ, ಉಳಿದಿದ್ದು ಹಿಂದಿನ ಫ್ರೇಮುಗಳನ್ನ ಸೇರಿಸಿ ತುಂಬಿಸೋದು. ಬೆಟ್ಟ, ಮೋಡ ಹಂಗೆ ತುಂಬಿಸಬಹುದು, ಕ್ಷಣಕ್ಷಣಕ್ಕೂ ಬದಲಾಗೋ ಅಂಕಿ ತುಂಬಿಸೋದು ಕಷ್ಟ, ಅದೇ ಬಾಲ. ಕ್ವಾಲಿಟಿ ಮೋಡಿಗೆ ಬನ್ನಿ, ಅಲ್ಲಿ 1280 ಬೈ 720 ಆಗುತ್ತೆ. ಇನ್ನೂ ಕಿರಿಕಿರಿ ಅನ್ಸಿದ್ರೆ ಟಿಎಎ ಅನ್ನೋ ಮಾಮೂಲಿ ಆಯ್ಕೆಗೆ ವಾಪಸ್ ಹೋಗಿ ಮೋಡ, ನೆರಳು ಒಂದೊಂದು ಹಂತ ಇಳಿಸಿ, ಫುಲ್ ಎಚ್‌ಡಿಯಲ್ಲಿ ನಾನು ಅದನ್ನೇ ಒಳ್ಳೇದು ಅಂತೀನಿ. 4ಕೆ ಮಾನಿಟರ್ ಇರೋರಿಗೆ ಮಾತು ಬೇರೆ, ಅಲ್ಲಿ ಪರ್ಫಾರ್ಮೆನ್ಸ್ ಮೋಡ್ ಕೂಡ ಫುಲ್ ಎಚ್‌ಡಿಯಿಂದ ಶುರು ಆಗುತ್ತೆ. ಮತ್ತೆ ರಾಜಾಜಿನಗರದವರ ತರ ಮೇನ್‌ಥ್ರೆಡ್ಡೇ ತಡ ಮಾಡ್ತಿದ್ರೆ ಡಿಎಲ್‌ಎಸ್‌ಎಸ್ ಹಾಕಿ ಏನೂ ಪ್ರಯೋಜನ ಇಲ್ಲ.

ಪ್ರಶ್ನೆ (ತೀರ್ಥಹಳ್ಳಿ): ನಮ್ಮಲ್ಲಿ ಫೈಬರ್ ಇದೆ ಆದ್ರೆ ಮಳೆಗಾಲದಲ್ಲಿ ನೆಟ್ ಹೋಗಿ ಬಂದು ಮಾಡುತ್ತೆ. 2024 ಸಿಮ್ಮಲ್ಲಿ ಆಗುಂಬೆ ಮೇಲೆ ಹಾರಿಸಿದ್ರೆ ಕಾಡೆಲ್ಲಾ ಮೇಣ ಕರಗಿದಂಗೆ ಕಾಣುತ್ತೆ, ಆಮೇಲೆ ಒಂದು ಜರ್ಕು. ಗ್ರಾಫಿಕ್ಸ್ ಸೆಟ್ಟಿಂಗ್ ಏನು ಮಾಡಿದ್ರೂ ಅಷ್ಟೇ.

ಉತ್ತರ: ನಿಮ್ಮ ತೊಂದ್ರೆ ಗ್ರಾಫಿಕ್ಸಿಂದಲ್ಲ. 2024ರ ಸಿಮ್ಮಲ್ಲಿ ಕಂಪ್ಯೂಟರಿಗೆ ಇಳಿಯೋದು ಸುಮಾರು 50 ಜಿಬಿ ಮಾತ್ರ, ಉಳಿದ ಭೂಮಿಯೆಲ್ಲಾ ನೀವು ಹಾರಿಸ್ತಿದ್ದಂಗೆ ನೆಟ್‌ನಿಂದ ಬರ್ತಾ ಇರುತ್ತೆ. ಕನಿಷ್ಠ 10 ಎಂಬಿಪಿಎಸ್, ಚೆನ್ನಾಗಿ ಬೇಕಂದ್ರೆ 50 ಅಂತ ಮೈಕ್ರೋಸಾಫ್ಟಿನವರೇ ಹೇಳಿದಾರೆ. ಮೊದ್ಲು ವೈಫೈ ಬಿಟ್ಟು ರೂಟರಿಂದ ಕೇಬಲ್ ಎಳೀರಿ. ರೋಲಿಂಗ್ ಕ್ಯಾಶ್ ಆನ್ ಮಾಡಿ ಎಸ್‌ಎಸ್‌ಡಿ ಮೇಲೆ ಇಡಿ, ಒಂದು ಸಲ ಹಾರಿದ ಜಾಗ ಅಲ್ಲಿ ಉಳ್ಕೊಳ್ಳುತ್ತೆ, ಹೊಸ ಜಾಗಕ್ಕೆ ಹೋಗಿ ಕ್ಯಾಶ್ ತುಂಬಿದಾಗ ಹಳೇದು ಅಳಿಸ್ಕೊಂಡು ಹೋಗುತ್ತೆ. ನಿಧಾನದ ವಿಮಾನ ತಗೊಳ್ಳಿ, ಜೆಟ್ಟಲ್ಲಿ ಹೋದ್ರೆ ನೆಟ್ ತರೋ ಮುಂಚೆ ನೀವೇ ಜಾಗ ದಾಟಿರ್ತೀರ. 2020 ಸಿಮ್ ಇನ್ನೂ ಇಟ್ಕೊಂಡಿದ್ರೆ ಅದರಲ್ಲಿ ಮ್ಯಾನುಯಲ್ ಕ್ಯಾಶ್ ಅಂತ ಇದೆ, ಮ್ಯಾಪ್ ಮೇಲೆ ಆಗುಂಬೆ, ಜೋಗ, ಕೊಡಚಾದ್ರಿ ಗುರುತು ಮಾಡಿ ನೆಟ್ ಚೆನ್ನಾಗಿರೋ ರಾತ್ರಿ ಇಳಿಸಿ ಇಟ್ಕೊಳ್ಳಿ, ಮಳೆಗಾಲಕ್ಕೆ ಅದೇ ಸರಿ.

ಪ್ರಶ್ನೆ (ಹುಬ್ಬಳ್ಳಿ): ನಾನು ಇನ್ನೂ ಮೈಕ್ರೋಸಾಫ್ಟಿನ 2006ರ ಸಿಮ್ ಎಫ್‌ಎಸ್‌ಎಕ್ಸ್ ಹಾರಿಸೋನು. ಹೊಸ ಪಿಸಿ ತಗೊಂಡೆ, 32 ಜಿಬಿ ರ‍್ಯಾಮ್, ಆದ್ರೂ ದೊಡ್ಡ ಏರ್‌ಪೋರ್ಟ್ ಹತ್ರ ಔಟ್ ಆಫ್ ಮೆಮೊರಿ ಅಂತ ಬಂದು ಮುಚ್ಚಿಹೋಗ್ತದೆ. ಹೆಂಗ್ರೀ ಇದು?

ಉತ್ತರ: ಎಫ್‌ಎಸ್‌ಎಕ್ಸ್ 32 ಬಿಟ್ ಪ್ರೋಗ್ರಾಂ, ಅದಕ್ಕೆ 4 ಜಿಬಿ ಮೇಲೆ ಮೆಮೊರಿ ಕಾಣೋದೇ ಇಲ್ಲ, ನಿಮ್ಮತ್ರ 32 ಇರ್ಲಿ 64 ಇರ್ಲಿ. ಆಟೋಜೆನ್ (ಸಿಮ್ ತಾನಾಗೇ ತುಂಬಿಸೋ ಮರ, ಕಟ್ಟಡ) ಎರಡು ಹಂತ ಇಳಿಸಿ, ಆಡ್‌ಆನ್ ವಿಮಾನಗಳ ದೊಡ್ಡ ಟೆಕ್ಸ್ಚರ್ ಬದಲು ಚಿಕ್ಕದು ಹಾಕಿ, ಹಾರಿಸದ ಊರುಗಳ ಸೀನರಿಯನ್ನ ಸೀನರಿ ಲೈಬ್ರರಿಯಲ್ಲಿ ಟಿಕ್ ತೆಗೀರಿ. ಫ್ರೇಮ್ ವಿಷಯದಲ್ಲೂ ಅದು ಬಹುಪಾಲು ಒಂದೇ ಕೋರ್ ನಂಬ್ಕೊಂಡಿರೋದು, ಟಾರ್ಗೆಟ್ ಫ್ರೇಮ್ ರೇಟ್ 30 ಇಟ್ಟು ಬಿಟ್ಬಿಡಿ. ಹಳೇ ಸಿಮ್ ಮೇಲಿನ ಪ್ರೀತಿ ಅರ್ಥ ಆಗುತ್ತೆ, ಆದ್ರೆ ಅಂಥಾ ಪಿಸಿ ಇಟ್ಕೊಂಡು ಎಕ್ಸ್-ಪ್ಲೇನ್ 12ರ ಡೆಮೊ ಒಮ್ಮೆ ನೋಡಿ, ಬಿಟ್ಟಿ ಸಿಗುತ್ತೆ. ಪೂರ್ತಿ ಉಚಿತವೇ ಬೇಕಂದ್ರೆ ಫ್ಲೈಟ್‌ಗಿಯರ್ ಇದೆ.

ಪ್ರಶ್ನೆ (ತುಮಕೂರು): ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿದ ದಿನಾನೇ ಸಿಮ್ ಜರ್ಕ್ ಹೊಡೆಯೋಕೆ ಶುರು ಆಯ್ತು. ಹಳೇ ಡ್ರೈವರಿಗೆ ವಾಪಸ್ ಹೋಗ್ಲಾ?

ಉತ್ತರ: ಅವತ್ತೇ ಹೋಗ್ಬೇಡಿ. ಡ್ರೈವರ್ ಬದಲಾದ್ರೆ ಹಿಂದೆ ತಯಾರು ಮಾಡಿಟ್ಟಿದ್ದ ಶೇಡರುಗಳನ್ನ (ಬೆಳಕು, ಬಣ್ಣ ಹೆಂಗೆ ಬಿಡಿಸ್ಬೇಕು ಅಂತ ಹೇಳೋ ಚಿಕ್ಕ ಪ್ರೋಗ್ರಾಂಗಳು) ಕಾರ್ಡು ಮತ್ತೆ ಹೊಸದಾಗಿ ಮಾಡ್ಕೋಬೇಕು, ಮೊದಲ ಹಾರಾಟದಲ್ಲಿ ಹೊಸ ಜಾಗ, ಹೊಸ ಮೋಡ ಬಂದಾಗೆಲ್ಲಾ ಒಂದೊಂದು ಜರ್ಕು ಸಹಜ. ಅದೇ ದಾರಿಯಲ್ಲಿ ಎರಡು ಮೂರು ಸಲ ಹಾರಿಸಿ, ಆಮೇಲೂ ಹಂಗೇ ಇದ್ರೆ ಆಗ ಹಳೇದಕ್ಕೆ ಹೋಗಿ. ಹಾಗೇ ಅಪ್‌ಡೇಟ್ ಆದ್ಮೇಲೆ ಮಾನಿಟರಿನ ರಿಫ್ರೆಶ್ ರೇಟ್ ಒಮ್ಮೆ ನೋಡ್ಕೊಳ್ಳಿ, ಕೆಲವು ಸಲ 144 ಇದ್ದದ್ದು ವಿಂಡೋಸಲ್ಲಿ 60ಕ್ಕೆ ಬಂದು ಕೂತಿರುತ್ತೆ. ಕೇಬಲ್ ಬಿಚ್ಚಿ ಹಾಕಿದ್ರೆ ಅದು ಗ್ರಾಫಿಕ್ಸ್ ಕಾರ್ಡಿಗೇ ಹೋಗಿದೆಯಾ, ಮದರ್‌ಬೋರ್ಡಿನ ಪೋರ್ಟಿಗೆ ಹೋಗಿದೆಯಾ ಅಂತಾನೂ ಬಗ್ಗಿ ನೋಡಿ.

ಮುಂದಿನ ಸಲಕ್ಕೆ ಬರೆಯೋರು ಸಿಪಿಯು, ಕಾರ್ಡು, ರ‍್ಯಾಮು, ಮಾನಿಟರಿನ ರೆಸಲ್ಯೂಷನ್ ಮತ್ತು ಹರ್ಟ್ಜ್, ಯಾವ ವಿಮಾನ, ಯಾವ ಏರ್‌ಪೋರ್ಟ್ ಇಷ್ಟು ಬರೀರಿ, ಜೊತೆಗೆ ಜರ್ಕ್ ಬಂದಾಗ ಆ ಎಫ್‌ಪಿಎಸ್ ಚೌಕದಲ್ಲಿ ಮೇನ್‌ಥ್ರೆಡ್ ಅಂತಿತ್ತಾ ಜಿಪಿಯು ಅಂತಿತ್ತಾ ಅದನ್ನೂ ಬರೀರಿ. ಅಷ್ಟಿದ್ರೆ ಊಹೆ ಮಾಡದೆ ಉತ್ತರ ಕೊಡಬಹುದು.